ಒಂಬತ್ತನೇ ನಡೆಯ ಮಂತ್ರಿ

ದೊಡ್ಡಬಳ್ಳಾಪುರ
10-7-1994

ಚಿ. ಪದ್ಮಶ್ರೀಗೆ ದೊಡ್ಡಪ್ಪ ರಾಮಲಿಂಗಯ್ಯ ಮಾಡುವ ಆಶೀರ್ವಾದ.

ನಿನ್ನ ಅಪ್ಪ ಅಮ್ಮ ಚೆನ್ನಾಗಿದ್ದಾರೆ. ಕರೆಂಟು ಇದ್ದಾಗ ಮಗ್ಗ ನಡೆಯುತ್ತದೆ, ಇಲ್ಲದಾಗ ನಿನ್ನಪ್ಪ ಬಾಗಿಲಲ್ಲಿ ಕೂತು ಸರ್ಕಾರವನ್ನು ಬೈಯುತ್ತಾನೆ. ಇಷ್ಟು ಸಾಕು, ವಿಷಯಕ್ಕೆ ಬರುತ್ತೇನೆ.

ಹೋದ ಭಾನುವಾರ ಬಂದಾಗ ನೀನು ಒಂದು ಮಾತು ಹೇಳಿ ಹೋದೆ. ನಿಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮುನಿಕೃಷ್ಣ ಎಂಬ ಮೇಷ್ಟ್ರು ಇದ್ದಾರೆ, ಚದುರಂಗದ ಹಳೆಯ ಪುಸ್ತಕಗಳಲ್ಲಿರುವ ಬಲಿ ಆಟಗಳನ್ನು ಒಂದೊಂದಾಗಿ ಯಂತ್ರಕ್ಕೆ ಹಾಕಿ ಗಟ್ಟಿಯೋ ಪೊಳ್ಳೋ ಎಂದು ನೋಡುತ್ತಾರೆ, ಮೂರಕ್ಕೆ ಎರಡು ಪೊಳ್ಳು ಎಂದು ಬಂದಿದೆ ಎಂದೆ. ಹೇಳಿ ನಕ್ಕೆ. ಬಲಿ ಆಟ ಎಂದರೆ ಏನೆಂದು ನಿನಗೇನು ಗೊತ್ತು? ಮೊದಲಿಗೇ ಒಂದು ಕಾಯಿಯನ್ನು ಎದುರಾಳಿಯ ಬಾಯಿಗೆ ಬಿಡಬೇಕು, ಅವನು ಅದನ್ನು ಅಗಿಯುತ್ತಿರುವಾಗ ಅವನ ಕತ್ತು ಹಿಡಿಯಬೇಕು. ಎದೆ ಇಲ್ಲದವರು ಆಡುವ ಆಟ ಅಲ್ಲ.

ಡಿಸೆಂಬರಿಗೆ ನಮ್ಮ ನೇಕಾರರ ಚದುರಂಗ ಕೂಟಕ್ಕೆ ಮೂವತ್ತು ವರ್ಷ ತುಂಬುತ್ತದೆ. ಪುಸ್ತಕ ಅಚ್ಚು ಹಾಕಿಸುತ್ತಿದ್ದೇವೆ. ಮೊದಲ ಪುಟಕ್ಕೆ 1964ರ ಫೈನಲಿನಲ್ಲಿ ನಾನು ಗೆದ್ದ ಆಟ. ಇಲ್ಲಿ ಅದನ್ನು ಎಲ್ಲರೂ ರಾಮಲಿಂಗಯ್ಯನ ಬಲಿ ಎಂದೇ ಕರೆಯುತ್ತಾರೆ. ಮೂರನೇ ನಡೆಗೆ ಕಾಲಾಳು ಕೊಡುತ್ತೇನೆ, ಒಂಬತ್ತನೇ ನಡೆಗೆ ಕುದುರೆ ಕೊಡುತ್ತೇನೆ. ಕುದುರೆ ತಿಂದವನು ಉಳಿಯುವುದಿಲ್ಲ. ನಮ್ಮ ಅಧ್ಯಕ್ಷ ಸಂಜೀವಪ್ಪನಿಗೆ ನಿನ್ನ ಮಾತು ಹೇಳಿದೆ. ಅವನು ಕುಣಿದುಬಿಟ್ಟ. 'ಲೇ, ಯಂತ್ರದ ಕೈಲಿ ಒಂದು ಮಾತು ಹೇಳಿಸ್ಬಿಡು. ಕೆಳಗಡೆ ಕಂಪ್ಯೂಟರಿನಿಂದ ಪರೀಕ್ಷಿಸಿದ ಆಟ ಅಂತ ಹಾಕೋಣ, ಬೆಂಗಳೂರಿನೋರು ಬಾಯಿ ಮುಚ್ಕೋತಾರೆ' ಎಂದ.

ಆ ಫೈನಲಿನಲ್ಲಿ ನನ್ನ ಎದುರು ಕೂತವನು ಅಪ್ಪಯ್ಯಣ್ಣ. ಜಡಿಗೇನಹಳ್ಳಿಯ ಒಕ್ಕಲುಮಕ್ಕಳ ಮನೆಯವನು. ಆಗ ನಮ್ಮ ಬೀದಿಯಲ್ಲೇ ಮಗ್ಗಕ್ಕೆ ಹಾಸಿನ ನೂಲು ಹೂಡುವ ಕೆಲಸಕ್ಕಿದ್ದ. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಇದ್ದದ್ದನ್ನು ಹೇಳುತ್ತೇನೆ, ಬೇರೆ ದಿನ ಹತ್ತು ಆಟ ಆಡಿದರೆ ಎಂಟು ಅವನೇ ಗೆಲ್ಲುತ್ತಿದ್ದ. ಫೈನಲ್ ದಿನ ನಾನು ಗೆದ್ದೆ. ಗೆದ್ದ ಷೀಲ್ಡು ಕೂಟದ ಬೀರುವಿನಲ್ಲಿದೆ. ಈಗ ಅವನಿಗೂ ನನಗೂ ಮಾತಿಲ್ಲ, ಅದು ಬೇರೆ ಕಥೆ.

ಒಂಬತ್ತನೇ ನಡೆಯ ಹೊತ್ತಿಗೆ ಮಣೆ ಹೇಗಿತ್ತು ಎನ್ನುವುದನ್ನು ಸೀರೆಯ ಡಿಸೈನ್ ಬರೆಯುವ ಗ್ರಾಫ್ ಹಾಳೆಯ ಮೇಲೆ ಬರೆದು ಇದರೊಳಗೆ ಇಟ್ಟಿದ್ದೇನೆ. ಕೆಳಗಡೆಯವು ಬಿಳಿ, ನನ್ನವು. ಮೇಲಿನವು ಕರಿ. ರಾ ಎಂದರೆ ರಾಜ, ಮಂ ಎಂದರೆ ಮಂತ್ರಿ, ಉಳಿದದ್ದು ನಿನಗೇ ತಿಳಿಯುತ್ತದೆ. ಕರಿಯವನ ಸರದಿ. ಕುದುರೆ ತಿನ್ನದೆ ಅವನಿಗೆ ಬೇರೆ ದಾರಿ ಇತ್ತೇ, ಇಷ್ಟನ್ನು ಯಂತ್ರ ಹೇಳಲಿ. ನಿನಗೆ ಆಟ ಬರುವುದಿಲ್ಲ, ಅದು ಒಳ್ಳೆಯದೇ ಆಯಿತು. ನಾನು ಬರೆದ ಹಾಗೇ ಇಡು, ಸ್ವಂತ ಬುದ್ಧಿ ಓಡಿಸಬೇಡ. ಮೂವತ್ತೈದು ವರ್ಷದಿಂದ ಗ್ರಾಫ್ ನೋಡಿಕೊಂಡು ಸೀರೆಯ ಚಿತ್ರ ನೇಯಿಸುವ ಜಕಾರ್ಡಿನ ಅಟ್ಟೆಗೆ ತೂತು ಹೊಡೆಯುತ್ತಿರುವ ಕೈ ಇದು. ಒಂದು ಚೌಕ ಆಚೀಚೆ ಆಗುವುದಿಲ್ಲ.

ಬೇಗ ಬರೆ.
ರಾಮಲಿಂಗಯ್ಯ


ಬೆಂಗಳೂರು
2-8-1994

ಪೂಜ್ಯ ದೊಡ್ಡಪ್ಪನವರಿಗೆ ಪದ್ಮಶ್ರೀ ನಮಸ್ಕಾರಗಳು.

ಈ ಕಾಗದವನ್ನು ಮೂರು ದಿನದಿಂದ ಬರೆದು ಹರಿದು ಮಾಡುತ್ತಿದ್ದೇನೆ. ನೀವು ಕೋಪ ಮಾಡಿಕೊಳ್ಳುತ್ತೀರೆಂದು ಗೊತ್ತು. ಆದರೆ ಇಲ್ಲದ್ದನ್ನು ಬರೆದರೆ ಇನ್ನೂ ಹೆಚ್ಚು ಬೈಯುತ್ತೀರಿ.

ಮುನಿಕೃಷ್ಣ ಸರ್ ಊರಿಗೆ ಹೋಗಿದ್ದರು. ಯಾವ ಕೀಲಿ ಒತ್ತಬೇಕೆಂದು ಮೊದಲೇ ಹೇಳಿಕೊಟ್ಟಿದ್ದರಿಂದ ನಾನೇ ಕೂತು ನಿಮ್ಮ ಗ್ರಾಫ್ ನೋಡಿ ಒಂದೊಂದೇ ಕಾಯಿ ಇಟ್ಟೆ. ಇಟ್ಟಾದ ಮೇಲೆ ಎರಡು ಸಲ ತಾಳೆ ನೋಡಿದೆ. ಶನಿವಾರ ಮಧ್ಯಾಹ್ನ ಯಂತ್ರವನ್ನು ಯೋಚನೆಗೆ ಬಿಟ್ಟು ಬಂದೆ, ಸೋಮವಾರ ಬೆಳಿಗ್ಗೆ ಹೋಗಿ ನೋಡಿದೆ.

ಕರಿಯವನು ಗೆಲ್ಲುತ್ತಾನೆ ಎಂದು ಬಂದಿದೆ, ದೊಡ್ಡಪ್ಪ.

ಅವನು ಕುದುರೆಯನ್ನು ತಿನ್ನಬಾರದಂತೆ. ಅದನ್ನು ಅಲ್ಲೇ ಬಿಟ್ಟು ತನ್ನ ಮಂತ್ರಿಯನ್ನು ಮಣೆಯ ಅಂಚಿಗೆ ತಂದರೆ ಸಾಕಂತೆ. ಆ ಮನೆಗೆ ಗ್ರಾಫಿನಲ್ಲಿ ಕೆಂಪು ಮಸಿಯ ಗುರುತು ಹಾಕಿದ್ದೇನೆ. ಆಮೇಲೆ ಬಿಳಿ ರಾಜನಿಗೆ ಓಡಲು ಜಾಗವಿಲ್ಲ, ಐದು ನಡೆಯೊಳಗೆ ಮಾತ್. ನನಗೆ ನಂಬಿಕೆ ಬರದೆ ಮತ್ತೊಮ್ಮೆ ಓಡಿಸಿದೆ. ಅದೇ ಬಂತು. ಸರ್ ಬಂದ ಮೇಲೆ ಅಚ್ಚಾದ ಹಾಳೆ ತೋರಿಸಿದೆ. ಮೇಲಿಂದ ಮೇಲೆ ನೋಡಿ, 'ಇದೂ ಪೊಳ್ಳೇನಮ್ಮಾ' ಎಂದು ಪಾಠಕ್ಕೆ ಹೋದರು. ಹಾಳೆಯನ್ನೂ ಗ್ರಾಫನ್ನೂ ಜೊತೆಗಿಟ್ಟಿದ್ದೇನೆ.

ಗೆದ್ದದ್ದು ಗೆದ್ದದ್ದೇ ಅಲ್ಲವೇ? ಅವತ್ತು ಆ ಮಂತ್ರಿಯ ನಡೆ ಅಪ್ಪಯ್ಯಣ್ಣನವರಿಗೆ ಕಾಣಲಿಲ್ಲ, ಅಷ್ಟೇ.

ನಿಮ್ಮ
ಪದ್ಮಶ್ರೀ


ದೊಡ್ಡಬಳ್ಳಾಪುರ
4-8-1994

ಅಪ್ಪಯ್ಯಣ್ಣ,

ಇಪ್ಪತ್ತಮೂರು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸುವುದಕ್ಕಲ್ಲ.

ನಮ್ಮ ಫೈನಲ್ ಆಟವನ್ನು ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಹಾಕಿಸಿದೆ. ನನ್ನ ತಮ್ಮನ ಮಗಳು ಹಾಕಿದಳು. ಒಂಬತ್ತನೇ ನಡೆಯಲ್ಲಿ ನೀನು ಕುದುರೆ ತಿನ್ನದೆ ಮಂತ್ರಿಯನ್ನು ಅಂಚಿಗೆ ತಂದಿದ್ದರೆ ನಾನು ಐದು ನಡೆಗೆ ಸಾಯುತ್ತಿದ್ದೆನಂತೆ. ಆ ಹುಡುಗಿ ನನ್ನನ್ನು ಸಮಾಧಾನ ಮಾಡುತ್ತಾಳೆ, ಅವತ್ತು ಅವರಿಗೆ ಕಾಣಲಿಲ್ಲ ಎಂದು. ಅವಳಿಗೇನು ಗೊತ್ತು. ಅಲ್ಲಿ ಕೂತಿದ್ದವನು ನಾನು.

ನಿನಗೆ ಕಂಡಿತ್ತು. ನಿನ್ನ ಕೈ ಮಂತ್ರಿಯ ತಲೆಯ ಮೇಲೆ ಬಂದು ನಿಂತಿತು. ಮುಟ್ಟಲಿಲ್ಲ, ಗಾಳಿಯಲ್ಲೇ ನಿಂತಿತ್ತು. ನಾನು ನಿನ್ನ ಬೆರಳುಗಳನ್ನೇ ನೋಡುತ್ತಿದ್ದೆ, ಹಾಸಿನ ಬಣ್ಣ ಹತ್ತಿದ ಬೆರಳು. ಪಂಚನಾಗಿ ನಿಂತಿದ್ದ ಚಿಕ್ಕಬೀರಪ್ಪ, 'ಏನಪ್ಪಾ, ಆಡ್ತೀಯೋ ಇಲ್ಲಾ ಬುತ್ತಿ ತರಿಸ್ಲೋ' ಎಂದ. ಎಲ್ಲರೂ ನಕ್ಕರು. ನೀನು ನನ್ನ ಮುಖ ನೋಡಿದೆ. ಕೈ ಹಿಂದಕ್ಕೆ ತೆಗೆದುಕೊಂಡೆ, ಕುದುರೆ ತಿಂದೆ. ಹದಿನೇಳನೇ ನಡೆಗೆ ಮಾತ್ ಆದೆ. ಹೆದರಿದೆ ಎಂದುಕೊಂಡಿದ್ದೆ. ಈ ಮೂವತ್ತು ವರ್ಷವೂ ಹಾಗೇ ಅಂದುಕೊಂಡಿದ್ದೆ.

ಅದರ ಮೇಲೆ ನಾನು ಎಷ್ಟು ಮಾತಾಡಿದ್ದೇನೆ ನಿನಗೆ ಗೊತ್ತಿದೆ. ನಿನ್ನ ಮಗಳ ಮದುವೆಗೆ ಬಂದು, ಬೀಗರ ಪಂಕ್ತಿಯಲ್ಲಿ ಕೂತು, 'ಕುದುರೆ ತಿಂದೋನಿಗೆ ಹುರುಳಿ ಬಡಿಸ್ರಪ್ಪಾ' ಎಂದು ಕೂಗಿದವನು ನಾನು. ನಿನ್ನ ಬೀಗರು ಎಲೆಯ ಮೇಲೆ ಬಗ್ಗಿ ನಕ್ಕರು. ನೀನು ಸಾರಿನ ಬಕೆಟ್ಟು ಹಿಡಿದು ನಿಂತಿದ್ದೆ. ಆಗಲಾದರೂ ಹೇಳಬಹುದಿತ್ತು. ಬಕೆಟ್ಟು ನನ್ನ ತಲೆಯ ಮೇಲೆ ಸುರಿದು, ಲೇ ರಾಮಲಿಂಗ, ಅದು ನಾನು ಬಿಟ್ಟುಕೊಟ್ಟ ಆಟ ಕಣೋ ಎನ್ನಬಹುದಿತ್ತು. ಮುಂದಿನ ಎಲೆಗೆ ಹೋದೆ. ಅವತ್ತಿನಿಂದ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಯಾಕೆ ಬಿಟ್ಟುಕೊಟ್ಟೆ? ಆ ವರ್ಷ ನಮ್ಮಪ್ಪ ಸತ್ತಿದ್ದ, ನಾನು ಊಟ ಬಿಟ್ಟು ಅಲೆಯುತ್ತಿದ್ದೆ, ಅಯ್ಯೋ ಪಾಪ ಎಂದು ಕೊಟ್ಟೆಯಾ? ನಾನು ಬೇಡಿದ್ದೆನಾ? ಮೂವತ್ತು ವರ್ಷ ಭಿಕ್ಷೆಯ ಷೀಲ್ಡನ್ನು ಒರೆಸಿ ಒರೆಸಿ ಇಟ್ಟಿದ್ದೇನೆ. ಯಾರಾದರೂ ಕೇಳಿದರೆ ಎದೆ ತಟ್ಟಿಕೊಂಡಿದ್ದೇನೆ.

ಯಂತ್ರ ಹೇಳಿದ ಮೇಲೆ ಮಣೆ ಹಾಕಿ ನೋಡಬೇಕು ಎಂದೂ ನನಗೆ ಅನ್ನಿಸಲಿಲ್ಲ. ಕಾಗದ ಬಂದದ್ದು ಬೆಳಿಗ್ಗೆ, ಇದನ್ನು ಬರೆಯುತ್ತಿರುವುದು ಮಧ್ಯಾಹ್ನ. ಬಿಟ್ಟುಕೊಟ್ಟೆಯೋ ಇಲ್ಲವೋ, ಒಂದು ಕಾರ್ಡು ಬರೆ. ಹೆಚ್ಚು ಮಾತು ಬೇಡ.

ರಾಮಲಿಂಗಯ್ಯ


ಜಡಿಗೇನಹಳ್ಳಿ
18-9-1994

ರಾಮಲಿಂಗಯ್ಯನಿಗೆ ಅಪ್ಪಯ್ಯಣ್ಣ ಮಾಡುವ ನಮಸ್ಕಾರ.

ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ. ಹೇಳುತ್ತಾ ಹೋಗುತ್ತೇನೆ, ಮೊಮ್ಮಗಳು ದಿವ್ಯ ಬರೆಯುತ್ತಾಳೆ. ನಿನ್ನ ಕಾಗದ ಓದಿದವಳೂ ಅವಳೇ. ಬಂದ ದಿನ ಮನೆಯಲ್ಲಿ ಹಿರಿಯರ ಕಾರ್ಯ ಇತ್ತು. ಮಗಳು ಅಳಿಯ ಬಂದಿದ್ದರು, ಬೀಗರೂ ಇದ್ದರು. ಜಗುಲಿ ತುಂಬಾ ಜನ. ದೊಡ್ಡಬಳ್ಳಾಪುರದ ಕಾಗದ ಎಂದಳು, ಓದಮ್ಮ ಎಂದೆ. ಅವಳು ಕೊನೆಯವರೆಗೂ ಜೋರಾಗಿ ಓದಿಬಿಟ್ಟಳು.

ಕಾರ್ಡು ಬರೆ ಎಂದಿದ್ದೀಯ. ತಡವಾಯಿತು.

ಹೌದು. ಬಿಟ್ಟುಕೊಟ್ಟೆ. ಆ ವರ್ಷ ನಿಮ್ಮಪ್ಪ ಹೋಗಿದ್ದರು. ನೀನು ಊಟ ಬಿಟ್ಟು ಅಲೆಯುತ್ತಿದ್ದೆ. ಅದಕ್ಕೆ.

ಆ ಮಾತು ಇನ್ನು ಬೇಡ. ಹೊಲ ಮಗ ನೋಡಿಕೊಳ್ಳುತ್ತಾನೆ. ಈ ಸಲ ರಾಗಿ ಪರವಾಗಿಲ್ಲ.

ಅಪ್ಪಯ್ಯಣ್ಣ

ತಾತ, ಇದು ನಾನು ದಿವ್ಯ ಬರೆಯುತ್ತಿರುವುದು, ಅವರು ಹೇಳಿದ್ದಲ್ಲ. ನಿಮ್ಮ ಕಾಗದ ಓದಿ ಮುಗಿಸಿದಾಗ ಜಗುಲಿಯಲ್ಲಿದ್ದ ಎಲ್ಲರೂ ನಮ್ಮ ತಾತನ ಮುಖ ನೋಡುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಬಂದು, 'ಹೌದಾ ಅಪ್ಪಾ, ನೀನೇ ಬಿಟ್ಟುಕೊಟ್ಟಿದ್ದಾ?' ಎಂದು ಕೇಳಿದರು. ತಾತ ಅಮ್ಮನ ಕಡೆ ತಿರುಗಿ ಹೌದೆಂದು ತಲೆ ಆಡಿಸಿದರು. ಅಮ್ಮ ಅಲ್ಲೇ ಕೂತು ಅತ್ತರು. ಅವರ ಮದುವೆಯಲ್ಲಿ ನಡೆದದ್ದು ನಮಗೆ ಮಕ್ಕಳಿಗೆ ಯಾರಿಗೂ ಗೊತ್ತಿರಲಿಲ್ಲ.


ದೊಡ್ಡಬಳ್ಳಾಪುರ
2-10-1994

ಚಿ. ಪದ್ಮಶ್ರೀಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಬರೆಯುವ ಸ್ಥಿತಿಯಲ್ಲಿರಲಿಲ್ಲ. ನಿಮ್ಮ ದೊಡ್ಡಮ್ಮನನ್ನು ಕೇಳಿದರೆ ಹೇಳುತ್ತಾಳೆ, ಒಂದು ವಾರ ಮನೆಯಲ್ಲಿ ನನ್ನ ಬೈಗುಳ ಕೇಳಿಸಲಿಲ್ಲವೆಂದು ಅವಳೇ ಹೆದರಿ ಡಾಕ್ಟರನ್ನು ಕರೆಸಿದಳು. ನವಿಲಿನ ಸೆರಗಿನ ಅಟ್ಟೆ ಅರ್ಧಕ್ಕೆ ನಿಂತಿದೆ. ತೂತು ಹೊಡೆಯಲು ಕೂತರೆ ಚೌಕಗಳ ಮೇಲೆಲ್ಲ ಅವನ ಬೆರಳು ಕಾಣುತ್ತದೆ.

ಅಪ್ಪಯ್ಯಣ್ಣ ಒಪ್ಪಿಕೊಂಡ. ಬಿಟ್ಟುಕೊಟ್ಟೆ ಎಂದು ಬರೆಸಿದ್ದಾನೆ. ಇಲ್ಲ ಎನ್ನುತ್ತಾನೆ, ಎಂದಿನಂತೆ ಬೈದಾಡಿಕೊಳ್ಳೋಣ ಎಂದುಕೊಂಡಿದ್ದೆ. ಹೌದು ಎಂದುಬಿಟ್ಟ. ಕೂಟಕ್ಕೆ ಹೋಗಿ ಷೀಲ್ಡನ್ನು ಹೊರಗೆ ತೆಗೆದೆ. ಸಂಜೀವಪ್ಪ, 'ಎಲ್ಲಿಗೋ ಅದು' ಎಂದ. ಪಾಲಿಶ್ ಮಾಡಿಸುತ್ತೇನೆ ಎಂದು ಸುಳ್ಳು ಹೇಳಿ ತಂದು ಟ್ರಂಕಿನಲ್ಲಿ ಹಾಕಿದ್ದೇನೆ.

ಅದಿರಲಿ. ನಿನ್ನೆ ಮಣೆ ಹಾಕಿದೆ. ಹೇಗೆ ಸಾಯುತ್ತಿದ್ದೆ ಎನ್ನುವುದನ್ನಾದರೂ ಕಣ್ಣಾರೆ ನೋಡೋಣ ಎಂದು. ಕರಿ ಮಂತ್ರಿಯನ್ನು ಅಂಚಿಗೆ ತಂದೆ. ಸರಿ, ರಾಜನ ಪಕ್ಕದ ಮನೆಗೆ ಗುರಿ ಇಟ್ಟಿತು. ಭಯ ಆಗುವಂಥದ್ದೇ. ಈಗ ನನ್ನ ಸರದಿ. ನನ್ನ ಕೈ ತಾನಾಗಿ ಹೋಗಿ ಕೋಟೆ ಕಟ್ಟಿತು. ರಾಜ ಎರಡು ಮನೆ ಪಕ್ಕಕ್ಕೆ, ಆನೆ ಅವನನ್ನು ದಾಟಿ ಒಳಕ್ಕೆ. ಆ ಆನೆ ಬಂದು ನಿಂತದ್ದು ಅದೇ ಮನೆಯನ್ನು ಕಾಯುತ್ತಾ. ಆಮೇಲೆ ನನ್ನ ಒಂಟೆ ಒಂದು ಹೆಜ್ಜೆ ಹಿಂದೆ ಬಂದರೆ ಅಂಚಿಗೆ ಬಂದ ಮಂತ್ರಿಗೆ ವಾಪಸು ದಾರಿಯೇ ಇಲ್ಲ.

ನಾಲ್ಕು ಸಲ ಆಡಿದೆ. ನಾಲ್ಕು ಸಲವೂ ಮಂತ್ರಿ ಸತ್ತಿತು.

ನನ್ನ ರಾಜ ಅಲ್ಲಿಯವರೆಗೆ ಕದಲಿರಲಿಲ್ಲ, ಆನೆ ಕದಲಿರಲಿಲ್ಲ, ನಡುವೆ ಕಾಯಿ ಇರಲಿಲ್ಲ. ಕೋಟೆ ಕಟ್ಟಲು ಏನು ಅಡ್ಡಿ? ಸಣ್ಣ ಮಕ್ಕಳೂ ಕಟ್ಟುತ್ತಾರೆ. ನಿಮ್ಮ ಲಕ್ಷಾಂತರ ಲೆಕ್ಕ ಹಾಕುವ ಯಂತ್ರ ಯಾಕೆ ಕಟ್ಟಲಿಲ್ಲ? ಆ ಮೇಷ್ಟ್ರನ್ನು ಕೂರಿಸಿ ಕೇಳು. ಮೇಲಿಂದ ಮೇಲೆ ನೋಡಿ ಪಾಠಕ್ಕೆ ಹೋಗುವುದು ಬೇಡ. ಆ ಗ್ರಾಫನ್ನು ಮತ್ತೆ ಇದರಲ್ಲಿಟ್ಟಿದ್ದೇನೆ.

ರಾಮಲಿಂಗಯ್ಯ


ಬೆಂಗಳೂರು
14-10-1994

ಪೂಜ್ಯ ದೊಡ್ಡಪ್ಪನವರಿಗೆ,

ಓದುವ ಮುಂಚೆ ಕೂತುಕೊಳ್ಳಿ.

ಮುನಿಕೃಷ್ಣ ಸರ್ ನಿಮ್ಮ ಕಾಗದ ಓದಿ ನಗಲಿಲ್ಲ, ಗ್ರಾಫ್ ತೆಗೆದುಕೊಂಡು ಯಂತ್ರದ ಮುಂದೆ ಕೂತರು. ಎರಡು ನಿಮಿಷಕ್ಕೆ, 'ಪದ್ಮಶ್ರೀ, ಬಿಳಿ ರಾಜ ಮಂತ್ರಿಯ ಎಡಗಡೆ ಯಾಕಮ್ಮ ನಿಂತಿದ್ದಾನೆ?' ಎಂದರು. ದೊಡ್ಡಪ್ಪ ಹಾಗೇ ಬರೆದಿದ್ದಾರೆ, ನಾನು ಹಾಗೇ ಇಟ್ಟೆ ಎಂದೆ. ಬಿಳಿಯವನ ಕಡೆಯಿಂದ ನೋಡಿದರೆ ರಾಜ ಮಂತ್ರಿಯ ಬಲಕ್ಕಿರಬೇಕಂತೆ. ಅವನು ತನ್ನ ಮನೆಯಲ್ಲಿ ಇಲ್ಲದಿದ್ದರೆ, ಇವನು ಆಗಲೇ ಒಮ್ಮೆ ಕದಲಿದ್ದಾನೆ ಎಂದು ಯಂತ್ರ ತಿಳಿಯುತ್ತದಂತೆ. ಒಮ್ಮೆ ಕದಲಿದ ರಾಜನಿಗೆ ಕೋಟೆ ಇಲ್ಲ. ಅದಕ್ಕೇ ಅದು ಕಟ್ಟಲಿಲ್ಲ. ಕಟ್ಟದಿದ್ದರೆ ಸಾವೇ.

ಆಮೇಲೆ ಸರ್ ಗ್ರಾಫನ್ನು ಕಿಟಕಿಯ ಗಾಜಿಗೆ ಒತ್ತಿ ಹಿಂದುಗಡೆಯಿಂದ ನೋಡಿದರು. ಎಲ್ಲ ಕಾಯಿಗಳೂ ತಂತಮ್ಮ ಮನೆಯಲ್ಲಿದ್ದವು. 'ನಿಮ್ಮ ದೊಡ್ಡಪ್ಪ ಇಡೀ ಆಟವನ್ನು ಎಡ ಬಲ ಮಾಡಿ ಬರೆದಿದ್ದಾರೆ, ಯಾಕೆ?' ಎಂದು ಕೇಳಿದರು. ನನಗೆ ಆಗ ಹೊಳೆಯಿತು. ಸರ್‌ಗೆ ಹೇಳಿದೆ, ಮಗ್ಗದ ಮೇಲೆ ಸೀರೆಯ ಮುಖ ಕೆಳಗಿರುತ್ತದೆ, ನಾವು ಚಿಕ್ಕವರಿದ್ದಾಗ ಕೆಳಗೆ ಕನ್ನಡಿ ಹಿಡಿದು ನವಿಲು ನೋಡುತ್ತಿದ್ದೆವು, ಅದಕ್ಕೆ ಅಟ್ಟೆಯ ಗ್ರಾಫ್ ಬರೆಯುವವರು ಎಡಕ್ಕೆ ನೋಡುವ ನವಿಲನ್ನು ಬಲಕ್ಕೆ ನೋಡುವಂತೆ ಬರೆಯುತ್ತಾರೆ ಎಂದು. ಸರ್ ಹಾಳೆಯನ್ನು ಕಿಟಕಿಯಿಂದ ತೆಗೆದು ಮತ್ತೆ ಯಂತ್ರದ ಮುಂದೆ ಕೂತರು.

ಈಗ ಸರಿಯಾಗಿ ಇಟ್ಟು ನಾಲ್ಕು ದಿನ ಓಡಿಸಿದ್ದೇವೆ. ಕರಿಯವನು ಕುದುರೆ ತಿಂದರೂ ಬಿಳಿಯೇ ಮೇಲು. ಮಂತ್ರಿ ತಂದರೆ ಕೋಟೆ ಕಟ್ಟುತ್ತದೆ, ನೀವು ಹೇಳಿದ ಹಾಗೇ ಒಂಟೆ ಹಿಂದೆ ಬರುತ್ತದೆ, ಮಂತ್ರಿ ಹೋಗುತ್ತದೆ. ಒಂಬತ್ತನೇ ನಡೆಯಲ್ಲಿ ಕರಿಯವನಿಗೆ ಗೆಲ್ಲುವ ದಾರಿ ಯಾವುದೂ ಇಲ್ಲ. ಸರ್ ನೋಡಿದ ಬಲಿ ಆಟಗಳಲ್ಲಿ ಇಷ್ಟು ಗಟ್ಟಿಯಾದದ್ದು ಎರಡೋ ಮೂರೋ ಅಂತೆ. ನಿಮ್ಮ ಆಟ ಗಟ್ಟಿ, ದೊಡ್ಡಪ್ಪ. ಷೀಲ್ಡು ಹೊರಗೆ ತೆಗೆಯಿರಿ. ಹೊಸ ಹಾಳೆ ಇಟ್ಟಿದ್ದೇನೆ, ಪುಸ್ತಕಕ್ಕೆ ಇದನ್ನೇ ಕೊಡಿ.

ಒಂದು ಮಾತ್ರ ನನಗೆ ತಿಳಿಯುತ್ತಿಲ್ಲ. ಗೆಲ್ಲುವ ದಾರಿಯೇ ಇಲ್ಲದ ಮೇಲೆ ಅವರು ಬಿಟ್ಟುಕೊಟ್ಟದ್ದು ಏನನ್ನು?

ನಿಮ್ಮ
ಪದ್ಮಶ್ರೀ


ಜಡಿಗೇನಹಳ್ಳಿ
24-10-1994

ದೊಡ್ಡಬಳ್ಳಾಪುರದ ತಾತನವರಿಗೆ ದಿವ್ಯಳ ನಮಸ್ಕಾರಗಳು.

ಈ ಕಾಗದ ಬರೆಯುತ್ತಿರುವುದು ನಮ್ಮ ತಾತನಿಗೆ ಗೊತ್ತಿಲ್ಲ.

ನೀವು ಬೈದು ಬರೆದಿದ್ದರೂ ನಿಮಗೆ ಥ್ಯಾಂಕ್ಸ್ ಹೇಳಬೇಕೆಂದು ಬರೆಯುತ್ತಿದ್ದೇನೆ. ಇಲ್ಲಿ ನಮ್ಮ ತಾತನಿಗೆ ಹುರುಳಿ ಅಪ್ಪಯ್ಯಣ್ಣ ಎಂದು ಹೆಸರಿತ್ತು. ಯಾಕೆ ಎಂದು ಕೇಳಿದರೆ ದೊಡ್ಡವರು ನಗುತ್ತಿದ್ದರು, ಹೇಳುತ್ತಿರಲಿಲ್ಲ. ನಮ್ಮ ಅಜ್ಜನೇ, ಅಂದರೆ ಅಪ್ಪನ ಅಪ್ಪ, ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, 'ಹುರುಳಿ ಗೌಡ್ರು ಅವ್ರಾ' ಎಂದೇ ಕೂಗುತ್ತಿದ್ದರು. ತಾತ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಅವತ್ತು ನಿಮ್ಮ ಕಾಗದ ಕೇಳಿದ ಮೇಲೆ ಅದೇ ಅಜ್ಜ ಎದ್ದು ಬಂದು ತಾತನ ಪಕ್ಕದಲ್ಲಿ ಕೂತು, 'ತಪ್ಪಾಯ್ತು ಬೀಗ್ರೇ. ಇಷ್ಟು ದೊಡ್ಡ ಮನಸ್ಸು ಅಂತ ಗೊತ್ತಿರ್ಲಿಲ್ಲ' ಎಂದು ಕೈ ಹಿಡಿದುಕೊಂಡರು. ಈಗ ಊರಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ.

ತಾತ ಅಟ್ಟದಿಂದ ಹಳೆಯ ಮಣೆ ತೆಗೆಸಿದ್ದಾರೆ. ಕಾಯಿಗಳನ್ನು ಮುಟ್ಟಿ ಮುಟ್ಟಿ ಗುರುತು ಹಿಡಿದು ನನಗೆ ಕಲಿಸುತ್ತಿದ್ದಾರೆ. ನಿಮ್ಮಿಬ್ಬರ ಆಟ ಅವರಿಗೆ ಬಾಯಿಪಾಠ. ಆದರೆ ಒಂಬತ್ತನೇ ನಡೆ ಬಂದಾಗ ನಿಲ್ಲಿಸಿಬಿಡುತ್ತಾರೆ. 'ಮಂತ್ರಿ ಅಂಚಿಗೆ ಹೋದ ಮೇಲೆ ಮುಂದೆ ಏನು ತಾತ?' ಎಂದರೆ, 'ಅಷ್ಟೇ ಕಣಮ್ಮ, ಎತ್ತಿಡು' ಎನ್ನುತ್ತಾರೆ. ಅವತ್ತು ಮಾತ್ರ ಊಟ ಸರಿಯಾಗಿ ಮಾಡುವುದಿಲ್ಲ.

ನಿಮ್ಮ ಪುಸ್ತಕ ಬಂದ ಮೇಲೆ ಒಂದು ಪ್ರತಿ ಕಳಿಸುತ್ತೀರಾ? ಯಂತ್ರ ಹೇಳಿದ್ದು ಅದರಲ್ಲಿ ಇರುತ್ತದಲ್ಲವೇ? ಅಜ್ಜನಿಗೆ ತೋರಿಸಬೇಕು. ಅವರು ಅಚ್ಚಾದದ್ದನ್ನು ಮಾತ್ರ ಪೂರ್ತಿ ನಂಬುತ್ತಾರೆ.

ದಿವ್ಯ


ದೊಡ್ಡಬಳ್ಳಾಪುರ
6-11-1994

ಚಿ. ಪದ್ಮಶ್ರೀಗೆ,

ನಿನ್ನ ಕಾಗದ ಬಂದ ದಿನ ನಾನು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಖುಷಿಗಲ್ಲ, ಕೋಪಕ್ಕೂ ಅಲ್ಲ. ನಮ್ಮ ಕೈಯೇ ನಮಗೆ ಹೀಗೆ ಮಾಡುತ್ತದೆ ಎಂದು ಯಾರು ಎಣಿಸುತ್ತಾರೆ? ಗ್ರಾಫ್ ಎದುರಿಗಿಟ್ಟರೆ ಎಡ ಬಲವಾಗುತ್ತದೆ, ನನಗೆ ಅದು ಕಾಣುವುದೂ ಇಲ್ಲ. ಆ ಹಾಳೆ ನನ್ನ ಕಣ್ಣಿಗೆ ಇವತ್ತಿಗೂ ಸರಿಯಾಗಿಯೇ ಕಾಣುತ್ತದೆ. ನಿನ್ನದೇನೂ ತಪ್ಪಿಲ್ಲ. ಬರೆದ ಹಾಗೇ ಇಡು ಎಂದವನು ನಾನು.

ನೀನು ಕೊನೆಗೆ ಕೇಳಿದ ಪ್ರಶ್ನೆ ನನಗೂ ಮೊದಲು ಬಂದದ್ದೇ. ಅವನ ಕಾಗದವನ್ನು ಮತ್ತೆ ತೆಗೆದು ಓದಿದೆ. ನಾನು ಸಿಟ್ಟಿನಲ್ಲಿ ಬರೆದಿದ್ದೆನಲ್ಲ, ಅಪ್ಪ ಸತ್ತಿದ್ದ, ಊಟ ಬಿಟ್ಟಿದ್ದೆ ಎಂದು, ಅದನ್ನೇ ಅಕ್ಷರ ಬಿಡದೆ ನನಗೆ ವಾಪಸು ಹೇಳಿದ್ದಾನೆ. ತನ್ನದು ಒಂದು ಮಾತೂ ಇಲ್ಲ. ಅವನು ಬಿಟ್ಟುಕೊಡಲಿಲ್ಲ, ಪದ್ಮಾ. ಅವತ್ತು ಮಂತ್ರಿಯ ಮೇಲೆ ಕೈ ನಿಲ್ಲಿಸಿದವನು ನನ್ನ ಕೋಟೆಯನ್ನೂ ಕಂಡ. ಕಂಡು ಕೈ ಹಿಂದಕ್ಕೆ ತೆಗೆದ. ಸರಿಯಾಗಿಯೇ ಆಡಿದ, ಸೋತ.

ಸುಳ್ಳ ಎಂದು ಶುರು ಮಾಡಿ ಎರಡು ಪುಟ ಬರೆದೆ. ಒಂದು ತಿಂಗಳು ನನ್ನನ್ನು ಬದುಕಿರುವ ಹೆಣ ಮಾಡಿದನಲ್ಲ. ಮಡಿಚಿ ಜೇಬಿಗಿಟ್ಟುಕೊಂಡು ಅಂಚೆ ಡಬ್ಬಿಯವರೆಗೆ ಹೋದೆ. ಅಲ್ಲಿ ಪೋಸ್ಟ್‌ಮ್ಯಾನ್ ಆಂಜಿನಪ್ಪ ಸಿಕ್ಕಿ ಒಂದು ಕವರು ಕೊಟ್ಟ. 'ಜಡಿಗೇನಹಳ್ಳಿದು ಸ್ವಾಮಿ. ಹೆಣ್ಣುಮಕ್ಕಳ ಅಕ್ಷರ. ಈ ವಯಸ್ಸಿನಾಗೆ ಏನ್ ನಡ್ಸಿದ್ದೀರಾ' ಎಂದ. 'ನಿನ್ನ ಕೆಲ್ಸ ನೋಡ್ಕೊಂಡ್ ಹೋಗಲೇ' ಎಂದೆ. ಅಲ್ಲೇ ನಿಂತು ಓದಿದೆ. ಅವನ ಮೊಮ್ಮಗಳು ಬರೆದದ್ದು. ಅದನ್ನು ಜೊತೆಗಿಟ್ಟಿದ್ದೇನೆ, ನೀನೂ ಓದು. ಓದಿ ವಾಪಸು ಕಳಿಸು.

ನಾನು ಆ ಎರಡು ಪುಟ ಕಳಿಸಿದರೆ ಯಾರು ಓದುತ್ತಾರೆ? ಅದೇ ಹುಡುಗಿ. ಎಲ್ಲಿ? ಅದೇ ಜಗುಲಿಯಲ್ಲಿ, ಅದೇ ಜನರ ಮುಂದೆ. ಅವನ ಮಗಳು ಅಡುಗೆಮನೆಯಿಂದ ಇನ್ನೊಂದು ಸಲ ಬಂದು, ಇಲ್ಲವಾ ಅಪ್ಪಾ ಎಂದು ಕೇಳಬೇಕು. ಆ ಬೀಗ ಕೈ ಬಿಟ್ಟು ಎದ್ದು ಹೋಗಬೇಕು. ನಾನು ಒಂದು ಸಲ ಆ ಮನೆಯ ಪಂಕ್ತಿಯಲ್ಲಿ ಬಾಯಿ ಬಿಟ್ಟದ್ದಕ್ಕೆ ಅವನು ಇಪ್ಪತ್ತಮೂರು ವರ್ಷ ಹಿತ್ತಲಿಗೆ ಎದ್ದು ಹೋಗಿದ್ದಾನೆ. ನನಗೆ ಅದು ಗೊತ್ತೇ ಇರಲಿಲ್ಲ. ಅವತ್ತು ಊಟ ಮುಗಿಸಿ, ವೀಳ್ಯ ಹಾಕಿಕೊಂಡು, ಬಸ್ಸು ಹತ್ತಿ ಬಂದು ಮರೆತಿದ್ದೆ.

ಪುಸ್ತಕಕ್ಕೆ ಪೊಳ್ಳು ಎಂದ ಆ ಮೊದಲನೇ ಹಾಳೆಯನ್ನೇ ಕೊಟ್ಟಿದ್ದೇನೆ. ಒಂಬತ್ತನೇ ನಡೆಯಲ್ಲಿ ಕರಿಯವರಿಗೆ ಗೆಲುವಿತ್ತು, ಅಪ್ಪಯ್ಯಣ್ಣನವರು ಅದನ್ನು ಕಂಡೂ ಸ್ನೇಹಕ್ಕಾಗಿ ಆಡಲಿಲ್ಲ, ಆದ್ದರಿಂದ ರಾಮಲಿಂಗಯ್ಯನ ಬಲಿ ಪೊಳ್ಳು ಎಂದು ತಿಳಿಯಬೇಕು ಎಂದು ಬರೆಸಿದೆ. ಸಂಜೀವಪ್ಪ ಅದನ್ನು ಓದಿ ಕುರ್ಚಿಯಿಂದ ಎದ್ದ.

'ಲೇ ರಾಮಲಿಂಗ, ನಿನ್ನ ಆಟ ಪೊಳ್ಳು ಅಂತ ನೀನೇ ಅಚ್ಚು ಹಾಕಿಸ್ತೀಯಾ? ತಲೆ ನೆಟ್ಟಗೈತಾ?'

'ಯಂತ್ರ ಹೇಳೈತೆ. ಹಾಕು.'

'ಮೂವತ್ತು ವರ್ಷ ಇದನ್ನೇ ಹೇಳ್ಕೊಂಡು ತಿರುಗಿದ್ಯಲ್ಲೋ.'

'ತಿರುಗಿದ್ದು ಸಾಕು, ಹಾಕು ಅಂದ್ನಲ್ಲ.'

ಅವನು ಒಂದು ವಾರದಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ನಾನು ಆಟ ಕಲಿಸಿದ ಹುಡುಗರೂ ಎದುರಿಗೆ ಸಿಕ್ಕರೆ ಅಂಗಡಿ ಕಡೆ ತಿರುಗಿಕೊಳ್ಳುತ್ತಾರೆ. ನೀನೂ ಈಗ ಬರೆಯುತ್ತೀಯ, ಸುಳ್ಳು ಅಚ್ಚಾಗುತ್ತದೆ ದೊಡ್ಡಪ್ಪ, ನಾಳೆ ಯಾರಾದರೂ ಇನ್ನೊಂದು ಯಂತ್ರಕ್ಕೆ ಹಾಕಿದರೆ ಗೊತ್ತಾಗುತ್ತದೆ ಎಂದು. ಗೊತ್ತಾಗಲಿ. ರಾಮಲಿಂಗಯ್ಯನಿಗೆ ಕೋಟೆ ಕಟ್ಟುವುದೂ ಬರುತ್ತಿರಲಿಲ್ಲ ಎಂದು ನಗಲಿ. ಅಷ್ಟು ಹೊತ್ತಿಗೆ ಅವನೂ ನಾನೂ ಇರುವುದಿಲ್ಲ.

ಎರಡನೇ ಹಾಳೆಯನ್ನು ಇದರಲ್ಲಿ ವಾಪಸು ಕಳಿಸಿದ್ದೇನೆ. ಮುನಿಕೃಷ್ಣ ಮೇಷ್ಟ್ರ ಹತ್ತಿರ ಇರಲಿ. ನನ್ನ ಆಟ ಗಟ್ಟಿ ಎಂದು ಅವರಿಗೆ ಗೊತ್ತು, ನಿನಗೆ ಗೊತ್ತು. ಹೇಳಬಾರದು ಎಂದು ಅವರಿಗೆ ನನ್ನ ಪರವಾಗಿ ಕೇಳಿಕೋ. ಕೇಳಿಕೊಳ್ಳುವುದು ನನಗೆ ಅಭ್ಯಾಸವಿಲ್ಲ, ನೀನೇ ಚೆನ್ನಾಗಿ ಹೇಳು.

ರಾಮಲಿಂಗಯ್ಯ


ದೊಡ್ಡಬಳ್ಳಾಪುರ
20-12-1994

ಅಪ್ಪಯ್ಯಣ್ಣ,

ಕೂಟದ ಪುಸ್ತಕ ಕಳಿಸಿದ್ದೇನೆ. ಮೊದಲ ಪುಟವನ್ನು ದಿವ್ಯಳ ಕೈಲಿ ಓದಿಸು. ಜಗುಲಿಯಲ್ಲಿ ಎಲ್ಲರೂ ಇರುವಾಗ ಓದಿಸು, ಬೀಗರನ್ನೂ ಕರೆಸು. ಜೋರಾಗಿ ಓದಲಿ.

ನಿನ್ನ ಮಗಳ ಮದುವೆಯಲ್ಲಿ ನಾನು ಆಡಿದ ಮಾತು ತಪ್ಪು. ಆಟ ಹೇಗೇ ಇದ್ದಿರಲಿ, ಆ ಮಾತು ತಪ್ಪು. ಇದನ್ನೂ ಅವಳು ಜೋರಾಗಿಯೇ ಓದಲಿ. ನಿನ್ನ ಮಗಳಿಗೆ ನಾನೇ ಬಂದು ಹೇಳಬೇಕಿತ್ತು, ಸಂಕ್ರಾಂತಿ ಕಳೆದ ಮೇಲೆ ಬರುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಹೇಳಿ ಹೋಗುತ್ತೇನೆ.

ಕಣ್ಣಿನ ಆಪರೇಷನ್ ಮಾಡಿಸಿಕೋ. ಮುಂದಕ್ಕೆ ಹಾಕಬೇಡ, ಈಗ ಒಂದೇ ದಿನದಲ್ಲಿ ಮನೆಗೆ ಕಳಿಸುತ್ತಾರೆ. ಕಣ್ಣು ಬಂದ ಮೇಲೆ ಪುಸ್ತಕವನ್ನು ನೀನೇ ಒಂದು ಸಲ ಓದು. ಅಚ್ಚಿನಲ್ಲಿ ತಪ್ಪುಗಳಿವೆ, ನಿನಗೆ ಕಂಡೇ ಕಾಣುತ್ತವೆ. ಕಂಡರೂ ನನಗೆ ಬರೆಯಬೇಡ.

ರಾಮಲಿಂಗಯ್ಯ